ಕಾಣದ ಜೀವಿಗಳ ಲೆಕ್ಕ

ಕಲಬುರಗಿ ಜಿಲ್ಲೆಯ ಪೂರ್ವದಂಚಿನಲ್ಲಿ, ತೆಲಂಗಾಣದ ಗಡಿಗೆ ತಾಗಿಕೊಂಡಂತೆ, ಚಿಂಚೋಳಿಯ ಅರಣ್ಯವಿದೆ. 2011ರಲ್ಲಿ ಇದನ್ನು ವನ್ಯಜೀವಿ ಅಭಯಾರಣ್ಯವೆಂದು ಸಾರಲಾಯಿತು. ಇದರ ವಿಸ್ತಾರ ಸುಮಾರು 134 ಚದರ ಕಿಲೋಮೀಟರು. ಈ ಅರಣ್ಯವನ್ನು ಪರಿಚಯಿಸುವ ಬರಹಗಳಲ್ಲಿ ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿ ಮೊದಲಾದ ಹೆಸರುಗಳೊಡನೆ ‘ಮೂವತ್ತೈದಕ್ಕೂ ಹೆಚ್ಚು ಜಾತಿಯ ಪಕ್ಷಿಗಳು’ ಎಂಬ ಮಾತೂ ಕಂಡುಬರುತ್ತದೆ. ವಾಚಕನು ಆ ಸಂಖ್ಯೆಯನ್ನು ಓದಿ ಮುಂದಿನ ಸಾಲಿಗೆ ಹೋಗುತ್ತಾನೆ. ಆದರೆ ಈ ಮೂವತ್ತೈದು ಎಂಬುದು ಏನು? ಕಾಡಿನಲ್ಲಿರುವ ಪಕ್ಷಿಜಾತಿಗಳ ಸಂಖ್ಯೆಯೋ, ಅಥವಾ ಯಾರೋ ಕೆಲವರು ಕೆಲವು ದಿನ ಅಲ್ಲಿ ಸುತ್ತಾಡಿದಾಗ ಕಣ್ಣಿಗೆ ಬಿದ್ದವುಗಳ ಸಂಖ್ಯೆಯೋ? ಎಷ್ಟು ದಿನ, ಯಾವ ಋತುವಿನಲ್ಲಿ, ಹಗಲಿನ ಯಾವ ಹೊತ್ತಿನಲ್ಲಿ ಎಂಬ ವಿವರಗಳು ಆ ಸಾಲಿನಲ್ಲಿಲ್ಲ. ಇರುವುದು ಬೇರೆ, ಕಂಡದ್ದು ಬೇರೆ. ಜೀವಿಸಮುದಾಯಗಳನ್ನು ಕುರಿತು ಕಳೆದ ಎಂಬತ್ತು ವರ್ಷಗಳಲ್ಲಿ ಬೆಳೆದುಬಂದ ಸಂಖ್ಯಾಶಾಸ್ತ್ರದ ಒಂದು ಮುಖ್ಯ ಶಾಖೆಯೇ ಈ ಎರಡರ ನಡುವಣ ಅಂತರವನ್ನು ಅಳೆಯುವ ಪ್ರಯತ್ನವಾಗಿದೆ.

ಈ ವಿಚಾರವು ಕೇವಲ ಪಂಡಿತರ ಚರ್ಚೆಗೆ ಮೀಸಲಾದುದಲ್ಲ. ನಾಲವಾರದ ಸುತ್ತಣ ನೆಲವನ್ನೇ ನೋಡಬಹುದು. ಮೇಲೆ ಕಪ್ಪು ಎರೆಮಣ್ಣು, ಕೆಳಗೆ ಶಹಾಬಾದಿನ ಕಲ್ಲಿನ ಪದರು, ಕಣ್ಣು ಹಾಯುವವರೆಗೂ ತೊಗರಿಯ ಹೊಲ. ಒಂದು ಮಗ್ಗುಲಲ್ಲಿ ಭೀಮಾ ನದಿ, ಇನ್ನೊಂದು ಕಡೆ ಅದನ್ನು ಕೂಡಿಕೊಳ್ಳುವ ಕಾಗಿಣಾ. ವಾಡಿಯಿಂದ ಯಾದಗಿರಿಯ ಕಡೆಗೆ ಸಾಗುವ ರೈಲಿನ ಕಿಟಕಿಯಿಂದ ಹೊರಗೆ ನೋಡುವ ಮಲೆನಾಡಿನ ಪ್ರಯಾಣಿಕನಿಗೆ ಇಲ್ಲಿ ‘ಕಾಡು’ ಎನ್ನಬಹುದಾದುದೇನೂ ಕಾಣುವುದಿಲ್ಲ. ಹಾಗೆ ಕಾಣದಿರುವುದು ತಪ್ಪಲ್ಲ. ಆದರೆ ‘ಏನೂ ಕಾಣಲಿಲ್ಲ’ ಎಂಬ ಮಾತು ಕಾಗದದ ಮೇಲೆ ಬಂದು, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಸಾಗುವಷ್ಟರಲ್ಲಿ ‘ಏನೂ ಇಲ್ಲ’ ಎಂದಾಗಿಬಿಡುತ್ತದೆ. ಗಣಿ ಎಲ್ಲಿ, ರಸ್ತೆ ಎಲ್ಲಿ, ಕಾಲುವೆ ಎಲ್ಲಿ ಎಂಬ ನಿರ್ಣಯಗಳು ಇಂತಹ ಕಾಗದಗಳನ್ನು ಆಧರಿಸಿಯೇ ಆಗುತ್ತವೆ. ಒಣಭೂಮಿಯ ಪಾಲಿಗೆ ಈ ಒಂದು ಶಬ್ದದ ವ್ಯತ್ಯಾಸವು ಸಣ್ಣದಲ್ಲ.

ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿಯೇ ಪಕ್ಷಿಗಳ ಪಟ್ಟಿ ತಯಾರಿಸುವ ಶಿಸ್ತುಬದ್ಧ ಕಾರ್ಯವೊಂದು ನಡೆದುದನ್ನು ಇಲ್ಲಿ ನೆನೆಯಬೇಕು. ನಿಜಾಮ ಸರ್ಕಾರದ ನೆರವಿನಿಂದ ಸಲೀಂ ಅಲಿಯವರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಕೈಗೊಂಡರು. ಅದರ ವರದಿಯು 1933ರಿಂದ ಮೊದಲ್ಗೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಅಂತಹ ಪಟ್ಟಿಗಳಿಗೆ ಇಂದಿಗೂ ಬೆಲೆಯಿದೆ. ಆದರೆ ಅತ್ಯುತ್ತಮ ಪಟ್ಟಿಯೂ ‘ಇದು ಇತ್ತು’ ಎಂದು ಹೇಳಬಲ್ಲುದೇ ಹೊರತು ‘ಬೇರೆ ಯಾವುದೂ ಇರಲಿಲ್ಲ’ ಎಂದು ಹೇಳಲಾರದು. ಹಾಗಾದರೆ ಕಾಣದವುಗಳನ್ನು ಎಣಿಸುವುದು ಸಾಧ್ಯವೇ?

ಸಾಧ್ಯವೆಂದು ತೋರಿಸಿದ ಮೊದಲ ಪ್ರಸಿದ್ಧ ಲೇಖನವು 1943ರಲ್ಲಿ ಇಂಗ್ಲೆಂಡಿನ ಪ್ರಾಣಿಪರಿಸ್ಥಿತಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದಿತು. ಬರೆದವರು ಮೂವರು: ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್, ಕೀಟಶಾಸ್ತ್ರಜ್ಞರಾದ ಕಾರ್ಬೆಟ್ ಮತ್ತು ವಿಲಿಯಮ್ಸ್. (ಈ ಕಾರ್ಬೆಟ್ ಅವರು ಕುಮಾವೂನಿನ ಹುಲಿಬೇಟೆಯ ಕಾರ್ಬೆಟ್ ಅಲ್ಲ.) ಮಲಯದಲ್ಲಿ ಸಂಗ್ರಹಿಸಿದ ಚಿಟ್ಟೆಗಳ ಲೆಕ್ಕವು ಕಾರ್ಬೆಟ್ ಅವರ ಬಳಿ ಇತ್ತು. ಒಟ್ಟು 620 ಪ್ರಭೇದಗಳು. ಅವುಗಳಲ್ಲಿ 118 ಪ್ರಭೇದಗಳ ಒಂದೊಂದೇ ಚಿಟ್ಟೆ ದೊರೆತಿತ್ತು. 74 ಪ್ರಭೇದಗಳ ಎರಡೆರಡು. 44 ಪ್ರಭೇದಗಳ ಮೂರು ಮೂರು. 24 ಪ್ರಭೇದಗಳ ನಾಲ್ಕು ನಾಲ್ಕು. ಹೀಗೆ ಲೆಕ್ಕವು ಮುಂದುವರಿಯುತ್ತದೆ. ಇಷ್ಟೇ ಶ್ರಮದಿಂದ ಮತ್ತೊಮ್ಮೆ ಸಂಗ್ರಹಿಸಿದರೆ ಎಷ್ಟು ಹೊಸ ಪ್ರಭೇದಗಳು ದೊರೆತಾವು ಎಂಬುದು ಪ್ರಶ್ನೆ. ಮೇಲುನೋಟಕ್ಕೆ ಇದಕ್ಕೆ ಉತ್ತರವೇ ಇಲ್ಲವೆನಿಸುತ್ತದೆ. ನೋಡದೆ ಇರುವುದರ ಬಗ್ಗೆ ಹೇಳುವುದೆಂತು?

ಉತ್ತರದ ಬೀಜವು ಒಂದೇ ಬಾರಿ ಕಂಡವುಗಳಲ್ಲಿ ಅಡಗಿದೆ. ಇದನ್ನು ಸಂತೆಯ ದೃಷ್ಟಾಂತದಿಂದ ತಿಳಿಯಬಹುದು. ತಾಲ್ಲೂಕಿನ ಒಂದು ಸಂತೆಯ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿಯು ಒಂದು ತಾಸು ನಿಂತು, ಬಂದವರಲ್ಲಿ ಕೆಲವರನ್ನು ‘ಯಾವ ಊರು?’ ಎಂದು ಕೇಳಿ ಬರೆದುಕೊಳ್ಳುತ್ತಾನೆ ಎಂದಿಟ್ಟುಕೊಂಡರೆ, ತಾಸಿನ ಕೊನೆಗೆ ಪ್ರತಿಯೊಂದು ಊರಿನ ಹೆಸರೂ ಏಳೆಂಟು ಸಲ ಬಂದಿದ್ದಲ್ಲಿ ಪಟ್ಟಿಯು ಬಹುಮಟ್ಟಿಗೆ ಪೂರ್ಣವಾಗಿದೆ ಎಂದು ತಿಳಿಯಬೇಕು. ಬಹುಪಾಲು ಊರುಗಳು ಒಂದೊಂದೇ ಸಲ ಬಂದಿದ್ದರೆ, ಪಟ್ಟಿಗೆ ಬಾರದ ಊರುಗಳು ಇನ್ನೂ ಬಹಳ ಇವೆ ಎಂಬುದು ಸ್ಪಷ್ಟ. ಒಮ್ಮೆ ಮಾತ್ರ ಕಂಡದ್ದು ಸ್ವಲ್ಪದರಲ್ಲಿಯೇ ಕಾಣದೆ ಹೋಗಬಹುದಾಗಿದ್ದುದು. ಆದುದರಿಂದ ಅದು ಕಾಣದೆ ಹೋದವುಗಳಿಗೆ ಅತಿ ಹತ್ತಿರದ ನೆಂಟ.

1956ರಲ್ಲಿ ಗುಡ್ ಮತ್ತು ಟೌಲ್ಮಿನ್ ಎಂಬ ಗಣಿತಜ್ಞರು ಪ್ರಕಟಿಸಿದ ಸೂತ್ರವು ಆಶ್ಚರ್ಯಪಡುವಷ್ಟು ಸರಳವಾಗಿದೆ. ಒಮ್ಮೆ ಕಂಡವುಗಳಿಂದ ಎರಡು ಸಲ ಕಂಡವುಗಳನ್ನು ಕಳೆಯಬೇಕು, ಮೂರು ಸಲ ಕಂಡವುಗಳನ್ನು ಕೂಡಿಸಬೇಕು, ನಾಲ್ಕು ಸಲ ಕಂಡವುಗಳನ್ನು ಕಳೆಯಬೇಕು; ಹೀಗೆಯೇ ಮುಂದಕ್ಕೆ. ಮಲಯದ ಚಿಟ್ಟೆಗಳಲ್ಲಿ 118ರಿಂದ 74ನ್ನು ಕಳೆದು, 44ನ್ನು ಕೂಡಿಸಿ, 24ನ್ನು ಕಳೆದು, ಇಪ್ಪತ್ನಾಲ್ಕು ಸಲ ಕಂಡ ಪ್ರಭೇದಗಳವರೆಗೆ ಈ ಕ್ರಮವನ್ನು ನಡೆಸಿದರೆ 75 ಎಂಬ ಉತ್ತರ ಬರುತ್ತದೆ. ಅಂದರೆ ಅಷ್ಟೇ ಶ್ರಮದ ಎರಡನೆಯ ಸಂಗ್ರಹದಲ್ಲಿ ಸುಮಾರು 75 ಹೊಸ ಪ್ರಭೇದಗಳನ್ನು ನಿರೀಕ್ಷಿಸಬಹುದು. ಇನ್ನೊಂದು ಸೂತ್ರವನ್ನು 1984ರಲ್ಲಿ ತೈವಾನಿನ ಆನ್ ಚಾವೊ ಎಂಬ ವಿದುಷಿಯು ನೀಡಿದರು. ಒಮ್ಮೆ ಕಂಡ ಪ್ರಭೇದಗಳ ಸಂಖ್ಯೆಯ ವರ್ಗವನ್ನು, ಎರಡು ಸಲ ಕಂಡವುಗಳ ಸಂಖ್ಯೆಯ ಇಮ್ಮಡಿಯಿಂದ ಭಾಗಿಸಿದರೆ, ಕಾಣದೆ ಉಳಿದ ಪ್ರಭೇದಗಳ ಕನಿಷ್ಠ ಸಂಖ್ಯೆ ದೊರೆಯುತ್ತದೆ. 118ರ ವರ್ಗ 13,924. ಅದನ್ನು 148ರಿಂದ ಭಾಗಿಸಿದರೆ ಸುಮಾರು 94. ಆದುದರಿಂದ 620 ಎಂಬ ಸಂಖ್ಯೆಯನ್ನು ಓದುವವನು ‘714ಕ್ಕೆ ಕಡಿಮೆಯಿಲ್ಲ’ ಎಂದು ಓದಿಕೊಳ್ಳುವುದು ಮೇಲು. ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಹುದಾದ ಈ ಭಾಗಾಕಾರವು, ಚಿಂಚೋಳಿಯ ಆ ಮೂವತ್ತೈದು ಪಕ್ಷಿಗಳಲ್ಲಿ ಎಷ್ಟು ಜಾತಿಗಳು ಒಂದೇ ಬಾರಿ ಕಂಡವು ಎಂಬುದನ್ನು ಯಾರಾದರೂ ಬರೆದಿಟ್ಟಿದ್ದರೆ ಅಲ್ಲಿಗೂ ಅನ್ವಯಿಸುತ್ತಿತ್ತು.

ಭಾಷೆಯ ಅಧ್ಯಾಪಕರಿಗೆ ರುಚಿಸಬಹುದಾದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬಹುದು. 1976ರಲ್ಲಿ ಎಫ್ರನ್ ಮತ್ತು ಥಿಸ್ಟೆಡ್ ಎಂಬ ವಿದ್ವಾಂಸರು ಇದೇ ಲೆಕ್ಕವನ್ನು ಶೇಕ್ಸ್‌ಪಿಯರನ ಕೃತಿಗಳಿಗೆ ಹಚ್ಚಿದರು. ಅವನ ಕೃತಿಗಳಲ್ಲಿ ಬೇರೆ ಬೇರೆ ಪದಗಳು 31,534. ಅವುಗಳಲ್ಲಿ 14,376 ಪದಗಳು ಒಂದೊಂದೇ ಸಲ ಬಂದಿವೆ. ಅಷ್ಟೇ ಗಾತ್ರದ ಹೊಸ ಕೃತಿಗಳು ಎಲ್ಲಿಯಾದರೂ ದೊರೆತರೆ ಅವುಗಳಲ್ಲಿ ಹನ್ನೊಂದು ಸಾವಿರಕ್ಕೂ ಮೀರಿದ ಹೊಸ ಪದಗಳಿರುತ್ತವೆ ಎಂದು ಅವರು ಅಂದಾಜು ಮಾಡಿದರು. ಕವಿಗೆ ತಿಳಿದಿದ್ದೂ ಬಳಸದ ಪದಗಳು, ಕಾಡಿನಲ್ಲಿದ್ದೂ ಬಲೆಗೆ ಬೀಳದ ಚಿಟ್ಟೆಗಳು: ಗಣಿತಕ್ಕೆ ಇವೆರಡೂ ಒಂದೇ.

ಆದರೆ ಇಷ್ಟರಿಂದಲೇ ಸಮಸ್ಯೆಯು ಬಗೆಹರಿಯಲಿಲ್ಲ. ಎಷ್ಟು ಪ್ರಭೇದಗಳು ಉಳಿದಿವೆ ಎಂಬುದು ತಿಳಿದರೂ, ಒಂದು ನಿರ್ದಿಷ್ಟ ಪ್ರಾಣಿಯು ಒಂದು ನಿರ್ದಿಷ್ಟ ಸ್ಥಳದಲ್ಲಿದೆಯೇ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ. ಭಾರತದಲ್ಲಿ ಈ ಪ್ರಶ್ನೆಯು ಹುಲಿಯ ನೆಪದಲ್ಲಿ ಮುಂದೆ ಬಂದಿತು. ಬಹುಕಾಲ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸಲಾಗುತ್ತಿತ್ತು. ಇದ್ದ ಹುಲಿಗಳೆಲ್ಲವೂ ಲೆಕ್ಕಕ್ಕೆ ಸಿಕ್ಕಿವೆ ಎಂದೇ ಭಾವಿಸಲಾಗುತ್ತಿತ್ತು. ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿರುವ ನಾಗರಹೊಳೆಯ ಕಾಡಿನಲ್ಲಿ ಕೆ. ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮೆರಾಗಳನ್ನು ಇಟ್ಟು, ಪ್ರತಿ ಹುಲಿಯ ಪಟ್ಟೆಗಳೂ ಬೇರೆ ಬೇರೆಯಾಗಿರುವುದರ ಆಧಾರದ ಮೇಲೆ ನಡೆಸಿದ ಎಣಿಕೆಯ ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. ಅದರ ತತ್ತ್ವವು ಇಷ್ಟೇ: ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ಸಿಕ್ಕಿ, ಎರಡನೆಯ ಸುತ್ತಿನಲ್ಲಿಯೂ 20 ಸಿಕ್ಕಿ, ಎರಡರಲ್ಲಿಯೂ ಇರುವವು 10 ಮಾತ್ರ ಎಂದಾದರೆ, ಒಂದು ಸುತ್ತಿನಲ್ಲಿ ಅರ್ಧದಷ್ಟು ಹುಲಿಗಳು ಮಾತ್ರ ಕಾಣುತ್ತವೆ ಎಂದಾಯಿತು, ಒಟ್ಟು ಹುಲಿಗಳು ಸುಮಾರು 40 ಇರಬೇಕು. ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ರಾಜಸ್ಥಾನದ ಸಾರಿಸ್ಕಾ ನಿದರ್ಶನವಾಯಿತು. ಅಲ್ಲಿ ದಾಖಲೆಯಲ್ಲಿ ಹುಲಿಗಳಿದ್ದು, ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು 2005ರಲ್ಲಿ ದೃಢಪಟ್ಟಿತು. ಕಾಣದ್ದನ್ನು ಇಲ್ಲವೆನ್ನುವುದು ಒಂದು ದೋಷವಾದರೆ, ಇಲ್ಲದ್ದನ್ನು ಇದೆಯೆಂದು ಬರೆಯುವುದು ಅದಕ್ಕಿಂತ ಕಡಿಮೆಯ ದೋಷವೇನಲ್ಲ. ಇವೆರಡಕ್ಕೂ ಮೂಲ ಒಂದೇ. ಎಷ್ಟು ಕಾಣುತ್ತದೆ, ಎಷ್ಟು ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಅಳೆಯದೆ ಎಣಿಸುವುದು.

ಪಟ್ಟೆಗಳಿಲ್ಲದ, ಒಂದರಿಂದ ಇನ್ನೊಂದನ್ನು ಗುರುತಿಸಲಾಗದ ಜೀವಿಗಳಿಗೆ ಬೇರೊಂದು ಉಪಾಯ ಬೇಕು. ಅದನ್ನು 2002ರಲ್ಲಿ ಮೆಕೆಂಜಿ ಮತ್ತು ಸಹೋದ್ಯೋಗಿಗಳು ರೂಪಿಸಿದರು. ಕೌಜುಗ ಹಕ್ಕಿಯನ್ನೇ ತೆಗೆದುಕೊಳ್ಳಬಹುದು. ಅದರ ಕೂಗು ಈ ಭಾಗದ ರೈತರಿಗೆಲ್ಲ ಪರಿಚಿತ. ಆದರೆ ಪೊದೆಯೊಳಗೆ ಅಡಗಿ ಕುಳಿತ ಕೌಜುಗವನ್ನು ಕಾಣುವುದು ಸುಲಭವಲ್ಲ. ನಲವತ್ತು ಕುರುಚಲು ತಾಣಗಳಿಗೆ ತಲಾ ಐದು ಬೆಳಗು ಹೋಗಿ ನೋಡಲಾಗಿ, 20 ತಾಣಗಳಲ್ಲಿ ಒಮ್ಮೆಯಾದರೂ ಅದು ಕಂಡಿತೆಂದು ಭಾವಿಸಿದರೆ, ಹಕ್ಕಿಯು ಅರ್ಧದಷ್ಟು ತಾಣಗಳಲ್ಲಿ ಮಾತ್ರ ಇದೆ ಎನ್ನಬಹುದೇ? ಕಂಡ ತಾಣಗಳಲ್ಲಿಯೂ ಐದು ಭೇಟಿಗಳ ಪೈಕಿ ಎಲ್ಲದರಲ್ಲಿಯೂ ಅದು ಕಂಡಿರುವುದಿಲ್ಲ. ಕಂಡದ್ದು, ಕಾಣದ್ದು, ಕಾಣದ್ದು, ಕಂಡದ್ದು ಎಂಬ ಈ ಸರಣಿಯಿಂದಲೇ ಒಂದು ಭೇಟಿಯಲ್ಲಿ ಅದು ಕಾಣುವ ಸಂಭವನೀಯತೆಯನ್ನು ತೆಗೆಯಬಹುದು. ಅದು ನೂರಕ್ಕೆ ಮೂವತ್ತು ಎಂದಾದರೆ, ಒಂದು ಭೇಟಿಯಲ್ಲಿ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಎಪ್ಪತ್ತು. ಐದು ಭೇಟಿಗಳಲ್ಲಿಯೂ ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ಸುಮಾರು ಹದಿನೇಳು. ಈ ಲೆಕ್ಕದಂತೆ ಹಕ್ಕಿ ಇರುವ ತಾಣಗಳು 20 ಅಲ್ಲ, ಸುಮಾರು 24. ಇದೇ ವಿಧಾನದ ಒಂದು ರೂಪವನ್ನು ಬಳಸಿ ಕಾರಂತರು ಮತ್ತು ಸಂಗಡಿಗರು ಮಲೆನಾಡಿನ 38,000 ಚದರ ಕಿಲೋಮೀಟರಿಗೂ ಮೀರಿದ ಪ್ರದೇಶದಲ್ಲಿ ಹುಲಿಯ ಕುರುಹುಗಳನ್ನು ಸಮೀಕ್ಷಿಸಿ 2011ರಲ್ಲಿ ಫಲಿತಾಂಶ ನೀಡಿದರು.

ಒಂದು ಪ್ರಾಣಿಯಿಂದ ಸಮುದಾಯಕ್ಕೆ ಬಂದಾಗ ವಿಷಯವು ಇನ್ನಷ್ಟು ಗಂಭೀರವಾಗುತ್ತದೆ. ಸಮುದಾಯವೆಂದರೆ ಕೇವಲ ಪ್ರಭೇದಗಳ ಮೊತ್ತವಲ್ಲ. ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಮಹಾಗಣಿತಜ್ಞರ ಹೆಸರು ಇಲ್ಲಿ ಬರುತ್ತದೆ. ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ, ಇಂದಿನ ವಿಜಯನಗರ ಜಿಲ್ಲೆಯ ಹಡಗಲಿಯಲ್ಲಿ ಜನಿಸಿದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಮಹಲನೋಬಿಸರ ಬಳಿ ದುಡಿದರು. ಕೇಂಬ್ರಿಜ್ಜಿನಲ್ಲಿ, ಚಿಟ್ಟೆಗಳ ಲೆಕ್ಕ ಮಾಡಿದ ಅದೇ ಫಿಷರರ ಮಾರ್ಗದರ್ಶನದಲ್ಲಿ, ಡಾಕ್ಟರೇಟ್ ಪಡೆದರು. 1945ರ ಅವರ ಒಂದು ಲೇಖನವು ಜಗತ್ತಿನ ಸಂಖ್ಯಾಶಾಸ್ತ್ರದ ಪಠ್ಯಗಳಲ್ಲೆಲ್ಲ ಸ್ಥಾನ ಪಡೆದಿದೆ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪುರಸ್ಕಾರಕ್ಕೆ ಪಾತ್ರರಾಗಿ, ಅದೇ ವರ್ಷದ ಆಗಸ್ಟ್ 22ರಂದು ಅವರು ತೀರಿಕೊಂಡರು. ಅವರ ಹೆಸರನ್ನು ಬಲ್ಲ ಶಿಕ್ಷಕರಲ್ಲಿಯೂ, ಪರಿಸ್ಥಿತಿಶಾಸ್ತ್ರಜ್ಞರು ಅವರ 1982ರ ಒಂದು ಲೇಖನವನ್ನು ನಿತ್ಯವೂ ಬಳಸುತ್ತಾರೆಂಬುದು ತಿಳಿದಿರುವವರು ಕಡಿಮೆ.

ಆ ಲೇಖನದ ಪ್ರಶ್ನೆ: ವೈವಿಧ್ಯವನ್ನು ಅಳೆಯುವುದು ಹೇಗೆ? 1949ರಲ್ಲಿ ಸಿಂಪ್ಸನ್ ಎಂಬುವರು ಒಂದು ದಾರಿ ತೋರಿದ್ದರು. ಸಮುದಾಯದಿಂದ ಕಣ್ಣುಮುಚ್ಚಿ ಎರಡು ಜೀವಿಗಳನ್ನು ಆರಿಸಿದರೆ ಅವು ಬೇರೆ ಬೇರೆ ಪ್ರಭೇದಕ್ಕೆ ಸೇರಿರುವ ಸಂಭವ ಎಷ್ಟು ಎಂಬುದೇ ಅಳತೆ. ನಾಲ್ಕು ಪ್ರಭೇದಗಳು ಸಮಪ್ರಮಾಣದಲ್ಲಿದ್ದರೆ ಈ ಸಂಭವವು 0.75. ರಾವ್ ಅವರು ಇದನ್ನು ಮುಂದುವರಿಸಿ, ಅವೆರಡು ಬೇರೆ ಹೌದೋ ಅಲ್ಲವೋ ಎಂಬುದರ ಬದಲು ಎಷ್ಟು ಬೇರೆ ಎಂದು ಕೇಳಿದರು. ಒಂದು ಹೊಲದಲ್ಲಿರುವ ನಾಲ್ಕು ಹಕ್ಕಿಗಳೂ ಕಾಳು ತಿನ್ನುವ ಗುಬ್ಬಿಜಾತಿಯವಾಗಿದ್ದು, ಅವುಗಳ ನಡುವಣ ಅಂತರವನ್ನು 0.2 ಎಂದು ಗಣಿಸಿದರೆ ವೈವಿಧ್ಯವು 0.15ಕ್ಕೆ ಇಳಿಯುತ್ತದೆ. ಇನ್ನೊಂದು ಹೊಲದಲ್ಲಿ ಒಂದು ಕೌಜುಗ, ಒಂದು ಕಾಜಾಣ, ಒಂದು ಗೂಬೆ, ಒಂದು ಗಿಡುಗವಿದ್ದು, ಅಂತರಗಳು 1 ಎಂದಾದರೆ ಅದು 0.75 ಆಗಿಯೇ ಉಳಿಯುತ್ತದೆ. ಪಟ್ಟಿಯ ಮಟ್ಟಿಗೆ ಎರಡೂ ಹೊಲಗಳು ಸಮಾನ. ರೈತನ ಮಟ್ಟಿಗೆ ಸಮಾನವಲ್ಲ; ಮೊದಲನೆಯದು ಕಾಳನ್ನು ತಿನ್ನುತ್ತದೆ, ಎರಡನೆಯದು ಹುಳವನ್ನೂ ಇಲಿಯನ್ನೂ ಸಹ ತಿನ್ನುತ್ತದೆ.

ತೊಗರಿಯ ನಾಡಿನಲ್ಲಿ ಇದು ಅಲಂಕಾರದ ಮಾತಲ್ಲ. 1997–98ರ ಹಂಗಾಮಿನಲ್ಲಿ ಕಾಯಿಕೊರಕ ಹುಳದಿಂದ ಈ ಭಾಗದ ತೊಗರಿಗೆ ಬಂದೊದಗಿದ ವಿನಾಶವನ್ನು ಹಿರಿಯರು ಮರೆತಿಲ್ಲ. ಗಿಡಗಳನ್ನು ಅಲುಗಾಡಿಸಿ, ಉದುರಿದ ಹುಳಗಳನ್ನು ಆಯ್ದು ನಾಶಮಾಡುವ ಪದ್ಧತಿಯೂ, ಕಾಜಾಣದಂತಹ ಹಕ್ಕಿಗಳು ಕೂರಲೆಂದು ಹೊಲದಲ್ಲಿ ಕೋಲುಗಳನ್ನು ನೆಡುವ ಪದ್ಧತಿಯೂ ಇಲ್ಲಿಯವರಿಗೆ ಗೊತ್ತಿರುವಂಥವೇ. ಹುಳವನ್ನು ಮಾತ್ರ ಎಣಿಸಿ, ಅದನ್ನು ತಿನ್ನುವವುಗಳನ್ನು ಎಣಿಸದೆ ಬಿಟ್ಟರೆ ಲೆಕ್ಕವು ಅರ್ಧವಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಎಣಿಸುವ ಗಣಿತಮಾದರಿಗಳು ಇತ್ತೀಚಿನವು. ಫಿನ್ಲೆಂಡಿನ ಒಟ್ಸೊ ಓವಸ್ಕೈನೆನ್ ಮತ್ತು ಸಹೋದ್ಯೋಗಿಗಳು 2017ರಲ್ಲಿ ಮಂಡಿಸಿದ ಚೌಕಟ್ಟು ಇವುಗಳಲ್ಲಿ ಹೆಸರಾದುದು. ಅದರಲ್ಲಿ ಪ್ರತಿ ಪ್ರಭೇದವು ಮಳೆ, ಮಣ್ಣು, ಮರಗಳ ನೆರಳು ಮುಂತಾದವುಗಳಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಒಂದೇ ಲೆಕ್ಕದಲ್ಲಿ ಕೂಡಿಸಿ ನೋಡಲಾಗುತ್ತದೆ. ಇದರಿಂದ ಒಂದು ದೊಡ್ಡ ಪ್ರಯೋಜನವಿದೆ. ಎರಡೇ ಬಾರಿ ಕಂಡ ಅಪರೂಪದ ಹಕ್ಕಿಯ ಬಗ್ಗೆ ಪ್ರತ್ಯೇಕವಾಗಿ ಏನನ್ನೂ ಹೇಳಲಾಗದು. ಆದರೆ ಅದೇ ಬಗೆಯ ಆಹಾರ, ಅದೇ ಗಾತ್ರ, ಅದೇ ಕುಲದ ಹತ್ತು ಸಾಮಾನ್ಯ ಹಕ್ಕಿಗಳು ಹೇಗೆ ಬಾಳುತ್ತವೆ ಎಂಬುದು ತಿಳಿದಿದ್ದರೆ, ಬಡವನಿಗೆ ನೆರೆಯವರು ಕೈಗಡ ಕೊಟ್ಟಂತೆ, ಅವುಗಳಿಂದ ಆ ಅಪರೂಪದ ಹಕ್ಕಿಯ ಲೆಕ್ಕಕ್ಕೆ ಬಲ ಬರುತ್ತದೆ. ಪರಿಸರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಎರಡು ಪ್ರಭೇದಗಳು ಜೊತೆಜೊತೆಗೆ ಕಾಣುತ್ತಿದ್ದರೆ ಅದನ್ನೂ ಮಾದರಿಯು ತೋರಿಸುತ್ತದೆ. ಇಲ್ಲಿ ಎಚ್ಚರಿಕೆ ಬೇಕು. ಬೆಳ್ಳಕ್ಕಿಯು ಎಮ್ಮೆಯ ಹಿಂದೆ ಹೋಗುವುದು ಎಮ್ಮೆಯ ಕಾಲಿಗೆ ಏಳುವ ಹುಳಹುಪ್ಪಟೆಗಳಿಗಾಗಿ. ಅದು ನಿಜವಾದ ಸಂಬಂಧ. ಟಿಟ್ಟಿಭವೂ ಬೆಳ್ಳಕ್ಕಿಯೂ ಒಂದೇ ಕೆರೆಯ ದಂಡೆಯಲ್ಲಿ ಕಾಣುವುದು ನೀರಿಗಾಗಿ, ಒಂದಕ್ಕೊಂದರ ಗೊಡವೆಯಿಲ್ಲ. ಅಂಕಿಗಳಲ್ಲಿ ಈ ಎರಡು ಜೋಡಿಗಳೂ ಒಂದೇ ರೀತಿ ತೋರಬಹುದು. ಗಣಕಯಂತ್ರದಿಂದ ಹೊರಬಂದ ಕೋಷ್ಟಕವನ್ನು ನಂಬಿ, ಕೆರೆಯ ದಂಡೆಗೆ ಹೋಗದೆ ಬರೆದ ನಿರ್ಣಯಗಳು ಈಚೆಗೆ ಕಡಿಮೆಯೇನಿಲ್ಲ.

ಮಾದರಿಗಳಿಗೆ ಆಹಾರ ಬೇಕು. ಆ ಆಹಾರವೆಂದರೆ ದೀರ್ಘಕಾಲದ ದಾಖಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988–89ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಗಿಡವನ್ನೂ ಅಳೆದು ಗುರುತು ಹಾಕಿದರು. ಸುಮಾರು ಎಪ್ಪತ್ತು ಪ್ರಭೇದಗಳ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಗಿಡಮರಗಳು ಅಲ್ಲಿ ದೊರೆತವು. ಪನಾಮಾ ದೇಶದ ಬಾರೊ ಕೊಲರಾಡೊ ದ್ವೀಪದಲ್ಲಿ ಇದಕ್ಕೂ ಮೊದಲು, 1980ರಲ್ಲಿ ಆರಂಭವಾದ ಇಷ್ಟೇ ವಿಸ್ತಾರದ ತಾಣದಲ್ಲಿ ಪ್ರಭೇದಗಳು ಸುಮಾರು ಮುನ್ನೂರು. ಒಣಕಾಡಿನಲ್ಲಿ ಪ್ರಭೇದಗಳು ಕಡಿಮೆ. ಬೆಂಕಿ, ಆನೆ, ಬರಗಾಲಗಳ ಪೆಟ್ಟು ಹೆಚ್ಚು. ಚಿಂಚೋಳಿಯಲ್ಲಿ ಆನೆಗಳಿಲ್ಲ, ಉಳಿದೆರಡು ಇವೆ.

ಗಣಿತದ ಮಿತಿಯನ್ನು ತೋರಿಸುವ ಒಂದು ಪ್ರಸಂಗ ದಖ್ಖನದ ನೆರೆಯಲ್ಲಿಯೇ ನಡೆಯಿತು. ಜೆರ್ಡನ್ಸ್ ಕೋರ್ಸರ್ ಎಂಬ ನೆಲದ ಹಕ್ಕಿಯನ್ನು 1848ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಲಾಗಿತ್ತು. 1900ರ ನಂತರ ಅದನ್ನು ಕಂಡವರಿರಲಿಲ್ಲ. ಅಳಿದುಹೋಯಿತೆಂದೇ ಹಲವರು ತಿಳಿದಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯಕರ್ತರು ಹುಡುಕುತ್ತ ಹೋಗಿ, 1986ರ ಜನವರಿಯಲ್ಲಿ ಆಂಧ್ರದ ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಸ್ಥಳೀಯ ಬೇಟೆಗಾರನೊಬ್ಬನ ಸಹಾಯದಿಂದ ಅದನ್ನು ಮರಳಿ ಕಂಡುಕೊಂಡರು. ಅದು ರಾತ್ರಿ ಸಂಚರಿಸುವ ಹಕ್ಕಿ. ಹಗಲಿನಲ್ಲಿ ಹುಡುಕುವವನಿಗೆ ಅದು ಕಾಣುವ ಸಂಭವ ಶೂನ್ಯಕ್ಕೆ ಹತ್ತಿರ. ಅಂತಹ ಕಡೆ ಐದು ಭೇಟಿಯಾದರೇನು, ಐನೂರಾದರೇನು? ತಪ್ಪು ಹೊತ್ತಿನಲ್ಲಿ ಹೋದವನನ್ನು ಯಾವ ಸೂತ್ರವೂ ಕಾಪಾಡದು. ಬೇಟೆಗಾರನಿಗೆ ಹೊತ್ತು ಗೊತ್ತಿತ್ತು. ತರುವಾಯ ಆ ಹಕ್ಕಿಯ ನೆಲೆಯನ್ನು ಶ್ರೀಲಂಕಮಲ್ಲೇಶ್ವರ ಅಭಯಾರಣ್ಯವಾಗಿ ರಕ್ಷಿಸಲಾಯಿತು. ಬಯಲಾಗಿ ಕಾಣುವ ಒಣನೆಲವೊಂದು ಒಂದೇ ಹಕ್ಕಿಯ ದೆಸೆಯಿಂದ ಉಳಿಯಿತು.

ಇಂತಹ ದಾಖಲೆಯನ್ನು ಒಂದು ಹೈಸ್ಕೂಲು ಸಹ ಇಡಬಹುದು, ಹೆಚ್ಚಿನ ವೆಚ್ಚವಿಲ್ಲ. ಊರ ಸುತ್ತಲಿನ ಕೆರೆದಂಡೆ, ಹಳ್ಳ, ಕಲ್ಲುಗಣಿಯ ಹಳೆಯ ಗುಂಡಿ, ತೊಗರಿಹೊಲದ ಬದು, ಬೀಳುಭೂಮಿ ಹೀಗೆ ಇಪ್ಪತ್ತು ತಾಣಗಳನ್ನು ಆರಿಸಿ ಹೆಸರಿಡಬೇಕು. ಚೆನ್ನಾಗಿ ತೋರುವ ತಾಣಗಳನ್ನೇ ಆರಿಸದೆ, ಚೀಟಿ ಎತ್ತಿ ನಿರ್ಧರಿಸುವುದು ಉಚಿತ. ಒಂದೊಂದು ತಾಣಕ್ಕೂ ಐದು ಭೇಟಿ. ಅವುಗಳಲ್ಲಿ ಒಂದಾದರೂ ಕತ್ತಲಾದ ಮೇಲೆ, ಹಿರಿಯರ ಜೊತೆಯಲ್ಲಿ. ಐದು ಭೇಟಿಗಳೂ ಮೂರು ನಾಲ್ಕು ವಾರಗಳೊಳಗೆ ಮುಗಿಯಬೇಕು; ಮೃಗಶಿರಾ ಮಳೆಯಲ್ಲಿ ಆರಂಭಿಸಿ ತೊಗರಿಯ ಹೂವಿನ ಕಾಲಕ್ಕೆ ಮುಗಿಸಿದರೆ, ನಡುವೆ ಹಕ್ಕಿಗಳು ಬಂದು ಹೋಗಿ, ‘ಇದ್ದೂ ಕಾಣಲಿಲ್ಲ’ ಎಂಬುದಕ್ಕೂ ‘ಆಗ ಇರಲೇ ಇಲ್ಲ’ ಎಂಬುದಕ್ಕೂ ಭೇದ ತಿಳಿಯದೆ ಲೆಕ್ಕವು ಕೆಡುತ್ತದೆ. ಪುಸ್ತಕದಲ್ಲಿ ದಿನಾಂಕ, ಹೊತ್ತು, ಎಷ್ಟು ನಿಮಿಷ ನೋಡಿದ್ದು, ಗಾಳಿಮಳೆಯ ಸ್ಥಿತಿ, ನೋಡಿದವರ ಸಂಖ್ಯೆ ಇವಿಷ್ಟೂ ಇರಬೇಕು. ಹಕ್ಕಿಯ ಸರಿಯಾದ ಹೆಸರು ತಿಳಿಯದಿದ್ದರೆ ಊರಿನವರು ಕರೆಯುವ ಹೆಸರನ್ನೇ ಬರೆದು, ಪಕ್ಕದಲ್ಲಿ ಬಣ್ಣ, ಗಾತ್ರ, ಕೂಗುಗಳ ವಿವರ ಕೊಟ್ಟರೆ ಸಾಕು. ಹೋಗಿ ನೋಡಿ ಏನೂ ಕಾಣದ ದಿನ ಆ ಖಾನೆಯಲ್ಲಿ ಸೊನ್ನೆಯನ್ನು ಬರೆಯಬೇಕು. ಹೋಗದೆ ಇದ್ದ ದಿನ ಖಾನೆಯನ್ನು ಖಾಲಿ ಬಿಡಬೇಕು. ಈ ಎರಡನ್ನು ಬೆರಸಿ ಬರೆದ ಪುಸ್ತಕದಿಂದ ಮುಂದೆ ಯಾರೂ ಯಾವ ಲೆಕ್ಕವನ್ನೂ ಮಾಡಲಾರರು.